ಹಸು ಕೊಟ್ಟು ಊರು ಬಿಟ್ಟದ್ದು

ನಮ್ಮೂರಿನ ದನದ ಆಸ್ಪತ್ರೆಯಲ್ಲಿ ನನ್ನ ಜಾಗಕ್ಕೆ ಬಂದ ಅಶ್ವಿನಿ ಎಂಬ ಹುಡುಗಿ, "ಸಾರ್, ಈ ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಅಂತ ಬರೆದುಕೊಡಿ, ಟ್ರೈನಿಂಗಲ್ಲಿ ಅದೊಂದು ಬಿಟ್ಟು ಎಲ್ಲಾ ಹೇಳಿಕೊಟ್ರು" ಎಂದಿದ್ದಳು. ಆಗ ನಾನು ಊರು ಬಿಡುವ ಗಡಿಬಿಡಿಯಲ್ಲಿದ್ದೆ. ಈಗ ಅಸ್ಸಾಮಿನ ಜೋರ್ಹಾಟಿನಲ್ಲಿ ಕೂತಿದ್ದೇನೆ. ಇಲ್ಲಿನ ಭಾಷೆ ನನಗೆ ಬರುವುದಿಲ್ಲ, ಕೈಗೆ ಕೆಲಸವೂ ಇಲ್ಲ. ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನೇನು ಬೇಕು.

ಆಫೀಸಿನ ಕಾಗದದಲ್ಲಿ ನನ್ನ ಹುದ್ದೆಗೆ ಮಾರುದ್ದದ ಹೆಸರಿತ್ತು. ಜನ ಮಾತ್ರ ದನದ ಡಾಕ್ಟ್ರು ಅನ್ನುತ್ತಿದ್ದರು. ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಇನ್ಸ್‌ಪೆಕ್ಟರು ಎಂದು ಮೊದಮೊದಲು ತಿದ್ದುತ್ತಿದ್ದೆ. ಹಸು ಕಾಲು ಝಾಡಿಸುತ್ತಿರುವಾಗ ಇಂಥ ವಿವರಣೆ ಯಾರಿಗೂ ಬೇಕಿರುವುದಿಲ್ಲ ಎಂದು ಗೊತ್ತಾದ ಮೇಲೆ ಸುಮ್ಮನಾದೆ. ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಎಂದು ಸುತ್ತಿಸಿ, ಕೊನೆಗೆ ಇಲಾಖೆ ನನ್ನನ್ನು ಪಾಂಡವಪುರ ತಾಲ್ಲೂಕಿನ ನನ್ನ ಸ್ವಂತ ಊರು ಕ್ಯಾತನಹಳ್ಳಿಗೇ ತಂದು ಬಿಟ್ಟಿತು. ಅಲ್ಲೇ ರಿಟೈರಾದೆ.

ಪ್ರತಿ ಸಲ ವರ್ಗವಾದಾಗಲೂ ಗಂಟುಮೂಟೆ ಕಟ್ಟಿದವಳು ನನ್ನ ಹೆಂಡತಿ ಸುಮಿತ್ರಾ. ಅವಳು ಬ್ಯಾಂಕಿನಲ್ಲಿದ್ದಾಳೆ, ನನಗಿಂತ ಚಿಕ್ಕವಳು. ನನ್ನ ಹಸು ಎಮ್ಮೆಗಳ ಸಲುವಾಗಿ ಅವಳು ದೂರದ ಊರಿನ ಬಡ್ತಿಗಳನ್ನೆಲ್ಲ ಬೇಡ ಅಂದಿದ್ದಳು. ನಾನು ರಿಟೈರಾದ ಮೇಲೆ ಒಂದು ದಿನ ಊಟಕ್ಕೆ ಬಡಿಸುತ್ತಾ, "ಈ ಸಲ ಹೂಂ ಅಂದಿದ್ದೀನಿ. ಅಸ್ಸಾಂ. ನೀವು ಬರ್ತೀರೋ, ಇಲ್ಲೇ ಇರ್ತೀರೋ?" ಎಂದು ಕೇಳಿದಳು. ಬರ್ತೀನಿ ಅಂದೆ. ಇಷ್ಟು ಸುಲಭವಾಗಿ ಒಪ್ಪಿದೆನೆಂದು ಅವಳಿಗೆ ನಂಬಿಕೆಯೇ ಬರಲಿಲ್ಲ. ನನಗೂ ಬಂದಿರಲಿಲ್ಲ.

"ಹಂಗಾದ್ರೆ ಕೆಲಸ ಮಾಡಿದ ಊರಿಗೆಲ್ಲ ಒಂದು ಸಲ ಹೋಗಿ ಹೇಳಿ ಬನ್ನಿ. ಇಲ್ಲದಿದ್ರೆ ಅಲ್ಲಿಗೆ ಬಂದು ದಿನಾ ಫೋನು ಹಿಡ್ಕೊಂಡು ಕೂರ್ತೀರಿ" ಅಂದಳು. ಸರಿ ಎಂದು ಹೊರಟೆ.

ಮೊದಲು ನಾಗಮಂಗಲದ ಕಡೆ. ಕೆಲಸ ಕಲಿತದ್ದು ಅಲ್ಲಿ. ಆ ಕಾಲಕ್ಕೆ ಬೀಜದ ಹೋರಿಯ ವೀರ್ಯ ಐಸ್ ತುಂಬಿದ ಥರ್ಮಾಸಿನಲ್ಲಿ ಬಸ್ಸಿನಲ್ಲಿ ಬರುತ್ತಿತ್ತು. ಡ್ರೈವರಿನ ಪಕ್ಕದಲ್ಲಿ ಅದಕ್ಕೊಂದು ಜಾಗ. ಬಸ್ಸು ಕೆಟ್ಟರೆ ಐಸ್ ಕರಗುತ್ತಿತ್ತು, ಐಸ್ ಕರಗಿದರೆ ಆ ವಾರ ಬೆದೆಗೆ ಬಂದ ಹಸುಗಳೆಲ್ಲ ಮತ್ತೆ ಕಾಯಬೇಕಿತ್ತು. ಒಂದು ಸಲ ಹೊಸ ಕಂಡಕ್ಟರೊಬ್ಬ ಅದರಲ್ಲಿ ಕಾಫಿ ಇದೆಯೆಂದು ತಿಳಿದು ಮುಚ್ಚಳ ತೆಗೆದಿದ್ದ. ಆಮೇಲೆ ಒಳಗಿದ್ದದ್ದು ಏನೆಂದು ನಾನು ಹೇಳಿದೆ. ಅವನು ಆ ರೂಟೇ ಬದಲಾಯಿಸಿಕೊಂಡ ಅಂತ ಕೇಳಿದೆ. ಆಮೇಲೆ ಐಸಿನ ಬದಲು ದ್ರವ ಸಾರಜನಕದ ಕ್ಯಾನು ಬಂತು. ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತಿತ್ತು. ಅದನ್ನು ನೋಡುವುದಕ್ಕೇ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು.

ಈ ಸಲ ನಾನು ಹೋದಾಗ ಅಲ್ಲಿನ ಆಸ್ಪತ್ರೆಯ ಕಟ್ಟಡ ಹೊಸದಾಗಿತ್ತು. ಎದುರಿನ ಹೋಟೆಲಿನವನಿಗೆ ನನ್ನ ಗುರುತು ಸಿಗಲಿಲ್ಲ. ಯಾವ ಇನ್ಸ್‌ಪೆಕ್ಟ್ರು, ಗಡ್ಡದವರಾ ಎಂದು ಕೇಳಿದ. ನಾನು ಯಾವತ್ತೂ ಗಡ್ಡ ಬಿಟ್ಟವನಲ್ಲ. ಇಡ್ಲಿ ತಿಂದು ಬಂದೆ.

ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಗುರುತು ಹಿಡಿದರು. ಆದರೆ ಯಾವುದರಿಂದ ಹಿಡಿದರು ಎನ್ನುವುದು ಕೇಳಬೇಕಾದ ಮಾತು. ಅಲ್ಲಿ ಒಬ್ಬ ರೈತರ ಹಸುವನ್ನು ಕೈ ಹಾಕಿ ಪರೀಕ್ಷೆ ಮಾಡಿ, ಗಬ್ಬ ನಿಂತಿದೆ ಎಂದು ಹೇಳಿದ್ದೆ. ಆ ಮನೆಗೆ ಅದು ಮೊದಲ ಸೀಮೆಹಸು. ಹಿಂಡಿ, ಬೂಸಾ, ಹುರುಳಿ ಎಂದು ತಿನ್ನಿಸಿ ತಿನ್ನಿಸಿ ಅದನ್ನು ಗುಂಡುಕಲ್ಲಿನ ಹಾಗೆ ಮಾಡಿದರು. ಏಳನೇ ತಿಂಗಳಿಗೆ ಸೀಮಂತ ಇಟ್ಟುಕೊಂಡರು. ಕೊಂಬಿಗೆ ಹಸಿರು ಬಳೆ, ಹಣೆಗೆ ಅರಿಸಿನ ಕುಂಕುಮ, ಊರಿನ ಮುತ್ತೈದೆಯರ ಹಾಡು. ನನ್ನನ್ನು ಕರೆದು ಚಾಪೆ ಹಾಸಿ ಕೂರಿಸಿ ಒಬ್ಬಟ್ಟು ಬಡಿಸಿದರು. ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕುವ ಹೊತ್ತಿಗೆ ಹಸು ಕೂಗಿತು. ಮತ್ತೆ ಮತ್ತೆ, ತಲೆ ಎತ್ತಿ, ಬಾಲ ಎತ್ತಿ ಕೂಗಿತು. ಆ ಕೂಗು ಏನೆಂದು ಹಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಸೀಮಂತದ ದಿನವೇ ಬಸುರಿ ಬೆದೆಗೆ ಬಂದಿದ್ದಳು. ಹಾಡು ನಿಂತಿತು. ಮನೆಯ ಯಜಮಾನರು ನನ್ನ ಎಲೆ ನೋಡಿದರು, ಹಸುವನ್ನು ನೋಡಿದರು, "ಉಂಡ್ಬುಡಿ ಡಾಕ್ಟ್ರೇ, ಎಂಗೂ ಬಂದಿದೀರ, ಕೈ ತೊಳ್ಕಂಡು ಇಂಜೆಕ್ಸನ್ ಕೊಟ್ಬುಟ್ಟೇ ವೋಗೀರಂತೆ" ಅಂದರು.

ಆ ಯಜಮಾನರು ಈಗ ಹಣ್ಣು ಮುದುಕರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಓ, ಸೀಮಂತದ ಡಾಕ್ಟ್ರು" ಅಂದರು. ಅಷ್ಟು ವರ್ಷದಲ್ಲಿ ಆ ಊರಿನಲ್ಲಿ ನಾನು ಎಷ್ಟೋ ಕರು ಎಳೆದಿದ್ದೇನೆ, ಅವು ಯಾವುವೂ ಅವರಿಗೆ ನೆನಪಿಲ್ಲ. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳಕ್ಕೂ ಹೋಗಿ ಬಂದೆ. ಅಲ್ಲಿ ಕೆಲಸದಲ್ಲಿದ್ದಾಗ ನನ್ನ ಮೇಲೆ ಒಬ್ಬ ಡಾಕ್ಟರಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಬಾಚಣಿಗೆ. ಇವರು ಸಗಣಿ ಮುಟ್ಟುವ ಜಾತಿಯಲ್ಲ ಎಂದು ನಾವು ಕೆಳಗಿನವರು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಒಮ್ಮೆ ನಾಲೆ ಏರಿಯ ಕೆಳಗೆ ಕೆಸರಿನಲ್ಲಿ ಎಮ್ಮೆಯೊಂದು ಕರು ಹಾಕಲಾರದೆ ಮಲಗಿತ್ತು. ನನ್ನ ಕೈ ಸೋತಿತ್ತು. ಅವರು ಬಂದು ಶರ್ಟು ಬಿಚ್ಚಿ ಹೊಂಗೆ ಮರದ ಕೊಂಬೆಗೆ ಹಾಕಿದರು, ಆ ಕೆಸರಿನಲ್ಲೇ ಬೋರಲು ಮಲಗಿದರು, ಭುಜದವರೆಗೆ ಕೈ ಹಾಕಿ ಒಳಗೆ ಮಡಚಿಕೊಂಡಿದ್ದ ಕರುವಿನ ಕಾಲನ್ನು ನಿಧಾನವಾಗಿ ನೇರ ಮಾಡಿದರು. ಕರು ಬಂತು, ಉಸಿರಾಡಿತು. ಅವರು ನಾಲೆಯಲ್ಲಿ ಮುಳುಗೆದ್ದು ಶರ್ಟು ಹಾಕಿಕೊಂಡು ತಲೆ ಬಾಚಿಕೊಂಡರು. ನಾನು ಅಷ್ಟು ಹೊತ್ತೂ ಎಮ್ಮೆಯವನನ್ನು, ಮೊದಲೇ ಯಾಕೆ ಕರೆಯಲಿಲ್ಲ, ತಲೆಯಲ್ಲಿ ಬುದ್ಧಿ ಇಲ್ಲವೇ ಎಂದು ಬೈಯುತ್ತಲೇ ಇದ್ದೆ. ಜೀಪು ಹತ್ತುವಾಗ ಅವರು ಹೇಳಿದರು: "ಚಂದ್ರಶೇಖರ್, ದನಗಳ ಜೊತೆ ಚೆನ್ನಾಗಿ ಮಾತಾಡ್ತೀರಿ. ಅದನ್ನೇ ಸ್ವಲ್ಪ ಜನರ ಜೊತೆನೂ ಅಭ್ಯಾಸ ಮಾಡಿ."

ಅಭ್ಯಾಸ ಮಾಡಿದೆ, ಪೂರ್ತಿ ಬರಲಿಲ್ಲ. ನನ್ನ ಬೈಗುಳದಲ್ಲಿ ಹೆಚ್ಚಿನ ಪಾಲು ಅನ್ನದ ವಿಷಯಕ್ಕೆ. ನಮ್ಮ ಕಡೆ ಮದುವೆ, ಬೀಗರೂಟ, ತಿಥಿ ಏನೇ ಆಗಲಿ, ಉಳಿದ ಅನ್ನ, ಪಾಯಸವನ್ನು ಚೆಲ್ಲುವುದಿಲ್ಲ. ನಾವು ಉಂಡೆವು, ಅದೂ ಉಣ್ಣಲಿ ಎಂದು ಪ್ರೀತಿಯಿಂದ ಹಸುವಿನ ಮುಂದೆ ಸುರಿಯುತ್ತಾರೆ. ಹಸು ಕೊಟ್ಟಷ್ಟೂ ತಿನ್ನುತ್ತದೆ. ಅದರ ಹೊಟ್ಟೆ ಹುಲ್ಲಿಗೆ ಹೇಳಿ ಮಾಡಿಸಿದ್ದು, ಅಷ್ಟು ಅನ್ನ ಒಳಗೆ ಹುಳಿಯಾಗಿ ರಕ್ತಕ್ಕೆ ವಿಷ ಏರುತ್ತದೆ. ಮಾರನೆಯ ದಿನ ಹಸು ಮಲಗಿಬಿಡುತ್ತದೆ, ಎಷ್ಟೋ ಸಲ ಏಳುವುದಿಲ್ಲ. ಮದುವೆ ಸೀಜನ್ ಬಂದರೆ ಚಪ್ಪರ ಹಾಕಿದ ಮನೆಯಿಂದಲೇ ನನಗೆ ಕರೆ. ಹೋಗಿ ಮೊದಲು ಬೈಯುತ್ತಿದ್ದೆ, ಆಮೇಲೆ ಔಷಧಿ. ಹೀಗಾಗಿ ಹೆಂಗಸರು, "ಡಾಕ್ಟ್ರು ಬೈತಾರೆ ಕಣೇ" ಎಂದು ನನ್ನ ಸ್ಕೂಟರಿನ ಸದ್ದು ಕೇಳಿದರೆ ಒಳಗೆ ಸೇರಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಸುತ್ತಿ ಬಂದ ಮೇಲೆ ಉಳಿದದ್ದು ಸ್ವಂತ ಊರು, ಅದರಲ್ಲೂ ಬೆಳ್ಳಿ. ಬೆಳ್ಳಿ ನಮ್ಮ ಮನೆಯ ಹಸು, ಹಣೆಯಲ್ಲಿ ಬಿಳಿ ಮಚ್ಚೆ, ಆಗ ಐದು ತಿಂಗಳ ಗಬ್ಬ. ಈ ಸಲ ಸರಿಯಾಗಿ ನೋಡಿದ್ದೆ. ಮನೆಯನ್ನು ಮೇಷ್ಟರೊಬ್ಬರಿಗೆ ಬಾಡಿಗೆಗೆ ಕೊಟ್ಟಾಗಿತ್ತು. ಮಗಳು ಮದುವೆಯಾಗಿ ಹಾಸನದಲ್ಲಿ ಮೂರನೇ ಮಹಡಿಯಲ್ಲಿದ್ದಾಳೆ, ಅಲ್ಲಿ ಹಸು ಕಟ್ಟುವ ಹಾಗಿಲ್ಲ. ಆದ್ದರಿಂದ ಪಕ್ಕದ ಬೀದಿಯ ನಿಂಗೇಗೌಡನಿಗೆ ಕೊಟ್ಟೆ. ಅವನೂ ನಾನೂ ಒಂದೇ ಸ್ಕೂಲಿನಲ್ಲಿ ಒದೆ ತಿಂದವರು. ಅವನ ಹೆಂಡತಿ ಸಾಕಮ್ಮ ದನಕರುವನ್ನು ಮಕ್ಕಳ ಹಾಗೆ ನೋಡಿಕೊಳ್ಳುವವಳು. ಹಸು ಕೊಡುವಾಗ ನಮ್ಮಲ್ಲಿ ಹಗ್ಗ ಕೊಡುವುದಿಲ್ಲ. ನಿಂಗೇಗೌಡ ಹೊಸ ಹಗ್ಗ ತಂದು ಕಟ್ಟಿ ಹೊಡೆದುಕೊಂಡು ಹೋದ. ಹಳೆಯದು ನನ್ನ ಕೈಯಲ್ಲಿ ಉಳಿಯಿತು. "ಅದನ್ನೂ ಅಸ್ಸಾಮಿಗೆ ತರ್ತೀರಾ?" ಎಂದು ಸುಮಿತ್ರಾ ಕೇಳಿದಳು. ಸುತ್ತಿ ಗೂಟಕ್ಕೆ ನೇತುಹಾಕಿದೆ. ಅವಳು ಬೇರೆ ಕಡೆ ತಿರುಗಿಕೊಂಡಳು.

ಹೊರಡುವುದಕ್ಕೆ ಎರಡು ದಿನ ಮುಂಚೆ ನಿಂಗೇಗೌಡನ ಮನೆಯಲ್ಲಿ ನಮಗೆ ಊಟ. ಬೀದಿಯವರೆಲ್ಲ ಬಂದಿದ್ದರು. ಮಾರನೆಯ ಬೆಳಿಗ್ಗೆ ಅವನೇ ಬಾಗಿಲಿಗೆ ಬಂದ. "ಲೇ ಚಂದ್ರ, ಬಾರ್ಲಾ ಇತ್ಲಾಗೆ. ನಿನ್ನ ಅಸ ಎದ್ದೇಳ್ತಾ ಇಲ್ಲ."

ಬೆಳ್ಳಿ ಕೊಟ್ಟಿಗೆಯಲ್ಲಿ ಕತ್ತು ಪಕ್ಕಕ್ಕೆ ಹಾಕಿಕೊಂಡು ಮಲಗಿತ್ತು. ಮುಂದೆ ಹಾಕಿದ್ದ ಜೋಳದ ಕಡ್ಡಿ ಹಾಗೇ ಇತ್ತು. ಕಿವಿ ತಣ್ಣಗಾಗಿತ್ತು. ನಾನು ಹೆಸರು ಹಿಡಿದು ಕರೆದಾಗ ಕಣ್ಣು ಮಾತ್ರ ತಿರುಗಿಸಿತು. ಸಾಕಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಏನು ಹಾಕಿದ್ದೆ ಸಾಕವ್ವ?" ಎಂದೆ.

"ಉಲ್ಲು ಕಣಣ್ಣ, ಇನ್ನೇನಾಕಾನಾ" ಅಂದಳು.

ಸೇರಿದ್ದ ಜನರೆಲ್ಲ ತೀರ್ಪು ಕೊಟ್ಟೇಬಿಟ್ಟರು. "ಕೊರಗು ಕಣ್ಲಾ," ಅಂದ ನಿಂಗೇಗೌಡ. "ನೀನು ಒಂಟೋಯ್ತಿಯ ಅಂತ ಅದ್ಕೆ ಗೊತ್ತಾಗ್ಬುಟ್ಟದೆ. ಮೂಕಪ್ರಾಣಿ, ಬಾಯ್ಬುಟ್ಟು ಯೇಳಕಾದದಾ?" ಇನ್ನೊಬ್ಬರು, ಸಾಕಿದವರು ಬಿಟ್ಟು ಹೋದರೆ ಹಸು ಬದುಕುವುದಿಲ್ಲ, ತಾನು ಕಣ್ಣಾರೆ ಕಂಡಿದ್ದೇನೆ ಅಂದರು. ಬೇರೆಯವರ ಹಸುವಾಗಿದ್ದರೆ ಮೊದಲು ಎಡಗಡೆಯ ಹೊಟ್ಟೆ ಒತ್ತಿ ನೋಡುತ್ತಿದ್ದೆ, ಸಗಣಿ ನೋಡುತ್ತಿದ್ದೆ. ಅವತ್ತು ತಲೆಯ ಹತ್ತಿರ ಕೂತು ಹಣೆ ಸವರುತ್ತಾ ಇದ್ದುಬಿಟ್ಟೆ. ಮೂರು ತಾಲ್ಲೂಕು ತಿರುಗಿ ಬಂದಿದ್ದೆ, ಯಾರೂ ನನ್ನ ದಾರಿ ಕಾಯುತ್ತಿರಲಿಲ್ಲ. ಇದೊಂದು ಜೀವ ನನಗಾಗಿ ಅನ್ನ ನೀರು ಬಿಟ್ಟಿದೆ ಎಂದರೆ ನಂಬದೇ ಇರುವುದು ಹೇಗೆ.

ಸುಮಿತ್ರಾ ಬಂದು ನೋಡಿದಳು. ಅವಳು ಕೆಲಸಕ್ಕೆ ಹಾಜರಾಗುವ ದಿನ ಮುಂದೆ ಹಾಕುವಂತಿರಲಿಲ್ಲ. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. "ನೀವು ಇರಿ. ನಾನು ಹೋಗ್ತೀನಿ. ಇದು ಸರಿಹೋದ ಮೇಲೆ ಬನ್ನಿ" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ವಾಸಿಯಿತ್ತು. ಈಗ ಉಳಿದರೆ ನಾನು ಎಂದೂ ಹೊರಡುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಅಶ್ವಿನಿ ತನ್ನ ಗಾಡಿಯಲ್ಲಿ ಬಂದಳು. ನಿಂಗೇಗೌಡ ಫೋನ್ ಮಾಡಿದ್ದ. ನನಗೆ ನಮಸ್ಕಾರ ಮಾಡಿ, ಕೊಟ್ಟಿಗೆಯ ಒಳಗೆ ಬರುವ ಬದಲು ನೇರ ಸಾಕಮ್ಮನ ಹತ್ತಿರ ಹೋದಳು. ಹುಡುಗಿಗೆ ಇನ್ನೂ ಕೆಲಸ ಗೊತ್ತಿಲ್ಲ, ಹಸು ಇಲ್ಲಿ ಬಿದ್ದಿದ್ದರೆ ಅಲ್ಲಿ ಹರಟೆ ಹೊಡೆಯುತ್ತಾಳಲ್ಲ ಎಂದು ರೇಗಿತು.

"ನೆನ್ನೆ ನಿಮ್ಮನೇಲಿ ಜೋರು ಊಟ ಅಂತೆ, ನನ್ನ ಕರೀಲೇ ಇಲ್ಲವಲ್ಲಮ್ಮ" ಅಂದಳು ಅಶ್ವಿನಿ. "ಏನಡುಗೆ ಮಾಡಿದ್ರಿ?"

ಸಾಕಮ್ಮನ ಮುಖ ಸ್ವಲ್ಪ ಸಡಿಲವಾಯಿತು. "ಮುದ್ದೆ, ಕೋಳಿ ಸಾರು, ಅನ್ನ. ಅಪ್ಪಿಪಾಯ್ಸ ಮಾಡಿದ್ದೆ ಕವ್ವ, ಡಾಕ್ಟ್ರಣ್ಣಂಗೆ ಇಷ್ಟ ಅಂತವ."

"ಅಷ್ಟು ಜನಕ್ಕೆ ಮಾಡಿದ್ರೆ ಉಳಿದೇ ಉಳಿಯುತ್ತೆ. ಏನು ಮಾಡಿದ್ರಿ ಉಳಿದಿದ್ದು?"

ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಳುತ್ತಲೇ ಹೇಳಿದಳು: "ಬಂದಾಗಿಂದ ಉಲ್ನ ಸರ್ಯಾಗಿ ಮುಟ್ನಿಲ್ಲ ಕವ್ವ ಅದು. ಒಸ ಜಾಗ. ತವರು ಬುಟ್ಟು ಬಂದ ಎಣ್ಣು ಅಂಗೆ ನಿಂತಿತ್ತು. ಅವರು ಬೇರೆ ಒಂಟೋಯ್ತಾವ್ರೆ, ಅವರೆಸರಲ್ಲಿ ಮಾಡಿದ್ ಅಡುಗೆ, ಇದೂ ಉಣ್ಲಿ ಅಂತ ಆಕ್ದೆ. ಗಬಗಬ ಅಂತ ತಿಂತು. ಒಂದು ದೊಡ್ಡ ಪಾತ್ರೆ ಅನ್ನ, ಪಾಯ್ಸ ಎಲ್ಲ ತಿಂತು. ಡಾಕ್ಟ್ರಣ್ಣ ಬೈತಾರೆ ಅಂತ ಯೇಳ್ನಿಲ್ಲ."

ನನ್ನ ಕೊರಗಲ್ಲ, ಅನ್ನ. ಎದ್ದು ಹೋಗಿ ಎಡಗಡೆ ಹೊಟ್ಟೆ ಒತ್ತಿದೆ, ಒಳಗೆ ನೀರು ತುಂಬಿದ ಚೀಲದ ಹಾಗೆ ಗುಳುಗುಳು ಎಂದಿತು. ಹಿಂದೆ ಬಿದ್ದಿದ್ದ ಸಗಣಿ ತೆಳ್ಳಗೆ, ಹುಳಿ ವಾಸನೆ. ಮೂಗಿನ ಕೆಳಗೇ ಇತ್ತು. ಸಿಟ್ಟು ನೆತ್ತಿಗೇರಿತು. ಅನ್ನ ಹಾಕಬೇಡಿ ಎಂದು ಊರೂರು ಬಡಿದುಕೊಂಡ ನನ್ನ ಹಸುವಿಗೇ ಅನ್ನ. ಬೈಯುವುದಕ್ಕೆ ಬಾಯಿ ತೆರೆದೆ. ಸಾಕಮ್ಮ ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿ ನಿಂತಿದ್ದಳು. ಅಶ್ವಿನಿ ನನ್ನ ಕಡೆ ನೋಡದೆಯೇ, "ಸಾರ್, ಅಡುಗೆ ಸೋಡಾ ಇಸ್ಕೊಳ್ಳಿ, ಇದ್ದಷ್ಟೂ" ಅಂದಳು. ಬಾಯಿ ಮುಚ್ಚಿಕೊಂಡು ಅಂಗಡಿಗೆ ಓಡಿದೆ.

ವಾಪಸು ಬಂದಾಗ ಅವಳು ತಾಲ್ಲೂಕಿನ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಔಷಧಿ ಕೇಳಿಕೊಂಡು ಕುತ್ತಿಗೆಯ ರಕ್ತನಾಳಕ್ಕೆ ಬಾಟಲಿ ಹಾಕಿದ್ದಳು. ಸೋಡಾ ನೀರು ಕುಡಿಸಲು ನಾನು ಬಿದಿರಿನ ಗೊಟ್ಟ ಹುಡುಕಿದೆ. ನಮ್ಮ ಕಾಲದಲ್ಲಿ ಎಲ್ಲ ಅದರಲ್ಲೇ. "ಬೇಡ ಸಾರ್, ಮಲಗಿದೆ, ಶ್ವಾಸಕೋಶಕ್ಕೆ ಹೋದ್ರೆ ಕಷ್ಟ. ನನ್ನ ಹತ್ರ ಪೈಪಿದೆ. ನೀವು ತಲೆ ಗಟ್ಟಿಯಾಗಿ ಹಿಡ್ಕೊಳ್ಳಿ, ಸಾಕು" ಎಂದಳು. ತಲೆ ಹಿಡಿದುಕೊಂಡೆ. ಅವಳು ಪೈಪಿಗೆ ಎಣ್ಣೆ ಸವರಿ ಗಂಟಲಿನಿಂದ ನಿಧಾನವಾಗಿ ಹೊಟ್ಟೆಗೆ ಇಳಿಸಿದಳು. ಒಳಗಿನ ಹುಳಿ ನೀರನ್ನು ಹೊರಗೆ ಬಿಡುವುದು, ಸೋಡಾ ನೀರು ಹಾಕುವುದು, ಮತ್ತೆ ಬಿಡುವುದು. ನಾನು, ಕರು ಉಳಿಯುತ್ತಾ, ಇನ್ನೊಂದು ಬಾಟಲಿ ಬೇಡವಾ, ದೊಡ್ಡ ಡಾಕ್ಟ್ರು ಯಾವಾಗ ಬರ್ತಾರೆ ಎಂದು ಕೇಳುತ್ತಲೇ ಇದ್ದೆ. ಹಸುವಿನ ತಲೆ ಹಿಡಿದವರೆಲ್ಲ ಕೇಳುವ ಪ್ರಶ್ನೆಗಳು ಅವು. ಅವಳು ಪ್ರತಿಯೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟಳು. ಸಾಯಂಕಾಲದ ಹೊತ್ತಿಗೆ ಬೆಳ್ಳಿ ಕತ್ತು ಎತ್ತಿತು. ಬದುಕುತ್ತದೆ ಎಂದು ಆಗಲೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಹೋದಾಗ ಅದು ಎದ್ದು ನಿಂತಿತ್ತು, ಕಾಲು ಸ್ವಲ್ಪ ನಡುಗುತ್ತಿತ್ತು. ಸಾಕಮ್ಮ ಒಂದು ಹಿಡಿ ಒಣಹುಲ್ಲು ಹಿಡಿದು ಕೂತಿದ್ದಳು. ನನ್ನನ್ನು ಕಂಡು, "ಡಾಕ್ಟ್ರಣ್ಣ, ಇದ್ನ ಬ್ಯಾರೆಯೋರ್ಗೆ ಕೊಟ್ಬುಟ್ಟು ವೋಗಿ. ನನ್ಗೆ ಧೈರ್ಯ ಇಲ್ಲ" ಅಂದಳು.

ಮೊದಲ ಸಲ ಈ ವಿಷಯದಲ್ಲಿ ನನಗೆ ಬೈಗುಳ ಬರಲಿಲ್ಲ. "ಬ್ಯಾರೆಯೋರು ಅನ್ನ ಹಾಕ್ತಾರೆ ಕಣವ್ವ. ನೀನಾದ್ರೆ ಇನ್ಮೇಲೆ ಹಾಕಲ್ಲ. ಏನಾದ್ರೂ ಆದ್ರೆ ಮೊದಲು ಅಶ್ವಿನಿಗೆ ಫೋನ್ ಮಾಡು, ನನಗಲ್ಲ" ಎಂದೆ. ಹೇಳುವಾಗ ಸುಲಭವಾಗಿಯೇ ಹೇಳಿದೆ. ಬೆಳ್ಳಿ ಅವಳ ಕೈಯಿಂದ ಎರಡು ಎಸಳು ಹುಲ್ಲು ಎಳೆದುಕೊಂಡಿತು. ಮಧ್ಯಾಹ್ನ ಸುಮಿತ್ರಾ ಮತ್ತು ನಾನು ಮೈಸೂರಿಗೆ ಕಾರು ಹತ್ತಿದೆವು.

ಹೊಸಬರು ಇದರಿಂದ ಏನು ಕಲಿಯಬೇಕು ಎಂದರೆ, ಅಶ್ವಿನಿ ಕೇಳಿದ ಹಾಗೆ ಕೇಳುವುದನ್ನು. ಏನು ಹಾಕಿದಿರಿ ಎಂದು ಕೇಳಿದರೆ ಹುಲ್ಲು ಎನ್ನುತ್ತಾರೆ. ಮನೆಯಲ್ಲಿ ಏನಡುಗೆ ಎಂದು ಕೇಳಬೇಕು. ನನ್ನ ಸರ್ವಿಸೆಲ್ಲ ಮುಗಿದ ಮೇಲೆ ತಿಳಿದದ್ದು ಇದು.

ಇಲ್ಲಿಗೆ ಬಂದ ಹೊಸತರಲ್ಲಿ ನಾನು ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ಸುಮಿತ್ರಾ ಹೇಳಿದ್ದು ಸುಳ್ಳಾಗಲಿಲ್ಲ. ಮೇವು ತಿಂತಾ, ನೀರು ಕುಡೀತಾ, ಸೊಳ್ಳೆಗೆ ಹೊಗೆ ಹಾಕಿದ್ರಾ. ಸಾಕಮ್ಮ ಎಲ್ಲಕ್ಕೂ ತಾಳ್ಮೆಯಿಂದ ಹೂಂ ಅನ್ನುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆಯಾಯಿತು. ಕರು ಹಾಕುವ ತಿಂಗಳು ಬಂದಾಗ ನಾನು ಫೋನನ್ನು ಅಂಗಿಯ ಜೇಬಿನಿಂದ ಕೆಳಗಿಡುತ್ತಿರಲಿಲ್ಲ. ಆಚೆ ಕಡೆಯಿಂದ ಕರೆ ಬರಲಿಲ್ಲ. ಕೊನೆಗೆ ನಾನೇ ಮಾಡಿದೆ.

"ಈದದೆ ಕಣಣ್ಣ," ಅಂದಳು ಸಾಕಮ್ಮ. "ಎಣ್ಗರ. ನಾಕೈದು ದಿಸ ಆಯ್ತು. ಅಶ್ವಿನವ್ವ ಬಂದು ನಿಂತ್ಕಂಡು ಎಲ್ಲಾ ಮಾಡಿದ್ಲು, ಏನೂ ತೊಂದ್ರೆ ಆಗ್ನಿಲ್ಲ. ಗಿಣ್ಣು ಬೀದಿಗೆಲ್ಲ ಅಂಚ್ಬುಟ್ಟೆ. ಆ ಗಡಿಬಿಡೀಲಿ ನಿಮ್ಗೆ ಯೇಳೋದೇ ಮರ್ತೋಯ್ತು."

ಒಳ್ಳೆಯದಾಯಿತು ಕಣವ್ವ ಎಂದು ಫೋನಿಟ್ಟೆ. ಸುಮಿತ್ರಾ ಆಗ ತಾನೇ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ವಿಷಯ ಹೇಳಿದೆ, ಮರೆತದ್ದನ್ನೂ ಹೇಳಿದೆ.

"ಬೇಜಾರಾಯ್ತಾ?" ಎಂದು ಕೇಳಿದಳು.

"ಆಯ್ತು" ಎಂದೆ. ತುಂಬಾನೇ ಆಗಿತ್ತು. ಅದರ ಜೊತೆಗೇ ಎದೆಯ ಭಾರ ಇಳಿದ ಹಾಗೂ ಆಗಿತ್ತು. ನಾವಿಬ್ಬರೂ ಕಾರು ಹತ್ತಿ ಎಷ್ಟೋ ತಿಂಗಳಾಗಿತ್ತು, ಆದರೆ ನಾನು ಕ್ಯಾತನಹಳ್ಳಿ ಬಿಟ್ಟದ್ದು ಆ ಸಂಜೆ.